ಷ್ಟಿರ್ಲಿಟ್ಸ್ ಬರ್ಲಿನ್‌ನಲ್ಲಿ ಏನ್ ಮಾಡ್ತಿದ್ದ? ಪದೇ ಪದೇ ಕೇಳುವ ಪ್ರಶ್ನೆಗಳು

ಯಾರಿಗಾದ್ರೂ "ವಸಂತದ ಹದಿನೇಳು ಕ್ಷಣಗಳು" ಅನ್ನೋ ಈ ಹಳೇ ಸೋವಿಯತ್ ಸೀರಿಯಲ್ ನೋಡಿ ಅಂತ ಹೇಳಿದ್ರೆ ಸಾಕು, ವಾಪಸ್ ಇವೇ ಪ್ರಶ್ನೆಗಳು ಬರ್ತವೆ. ಫೋನಲ್ಲಿ ಕೇಳ್ತಾರೆ, ಮದುವೆ ಮನೇಲಿ ಪಂಕ್ತಿಲಿ ಪಕ್ಕ ಕೂತಾಗ ಕೇಳ್ತಾರೆ, ಒಬ್ರಂತೂ ಇನ್‌ಲ್ಯಾಂಡ್ ಲೆಟರಲ್ಲಿ ಬರ್ದು ಕಳ್ಸಿದ್ರು. ಅದಕ್ಕೆ ಒಂದೇ ಕಡೆ ಬರ್ದಿಟ್ಬಿಡ್ತೀನಿ. ಮೊದಲು ಸುಲಭದ್ದು, ಹೋಗ್ತಾ ಹೋಗ್ತಾ ಕತೆ ಪೂರ್ತಿ ಬಿಚ್ತೀನಿ. ಎರಡನೇ ಭಾಗದಿಂದ ಮುಂದೆ ಓದಿ ಸಸ್ಪೆನ್ಸ್ ಹಾಳಾಯ್ತು ಅಂತ ಬೈಬೇಡಿ.

## ಹೊಸದಾಗಿ ಕೇಳೋರಿಗೆ

ಯಾವ ಸೀರಿಯಲ್ ಗುರು ಇದು, ಹೆಸ್ರೇ ಕೇಳಿಲ್ವಲ್ಲ?

"ವಸಂತದ ಹದಿನೇಳು ಕ್ಷಣಗಳು". ಸೋವಿಯತ್ ಟೀವಿಲಿ 1973ರ ಆಗಸ್ಟ್ 11ಕ್ಕೆ ಶುರುವಾಗಿ 24ಕ್ಕೆ ಮುಗೀತು. ಒಟ್ಟು 12 ಎಪಿಸೋಡು, ಒಂದೊಂದೂ ಒಂದು ಗಂಟೆ ಮೇಲಿದೆ. ಯೂಲಿಯನ್ ಸೆಮ್ಯೋನೊವ್ ಬರೆದ ಕಾದಂಬರಿನೇ ಮೂಲ, ಡೈರೆಕ್ಟ್ ಮಾಡಿದ್ದು ತತ್ಯಾನಾ ಲಿಯೋಜ್ನೊವಾ ಅನ್ನೋ ಹೆಣ್ಮಗಳು. ನಾಜಿಗಳ ಮಧ್ಯೆ ಸೇರ್ಕೊಂಡಿರೋ ಸೋವಿಯತ್ ಗೂಢಚಾರ ಷ್ಟಿರ್ಲಿಟ್ಸ್, ಆ ಪಾತ್ರ ವ್ಯಾಚೆಸ್ಲಾವ್ ತಿಖೊನೊವ್ ಅವರದ್ದು. ನಮ್ಮಲ್ಲಿ ಭಾನುವಾರ ಬೆಳಗ್ಗೆ ರಾಮಾಯಣ ಬರೋ ಹೊತ್ತಿಗೆ ರಸ್ತೆ ಖಾಲಿ ಆಗ್ತಿತ್ತಲ್ಲ, ಅಲ್ಲಿ ಇದು ಬರೋವಾಗ ಹಂಗೇ ಆಗ್ತಿತ್ತು ಅಂತ ಆ ಕಾಲದೋರು ಹೇಳ್ತಾರೆ.

ಫೈಟಿಂಗ್ ಗೀಟಿಂಗ್ ಇದ್ಯಾ? ಹತ್ತು ನಿಮಿಷ ನೋಡ್ದೆ, ಬರೀ ಒಬ್ಬ ಮನುಷ್ಯ ಯೋಚ್ನೆ ಮಾಡ್ತಾ ಕೂತಿದಾನೆ

ಇನ್ನೂ ಹನ್ನೊಂದು ಎಪಿಸೋಡು ಹಂಗೇ ಕೂತಿರ್ತಾನೆ, ಈಗ್ಲೇ ಹೇಳ್ಬಿಡ್ತೀನಿ. ಅಣ್ಣಾವ್ರ ಸಿಐಡಿ 999 ನೋಡಿ ಬೆಳೆದ ನಮಗೆ ಗೂಢಚಾರ ಅಂದ್ರೆ ಪಿಸ್ತೂಲು, ಕಾರ್ ಚೇಸು, ಒಂದು ಕ್ಲಬ್ ಡ್ಯಾನ್ಸು. ಇಲ್ಲಿ ನಿಮಗೆ ನೆನಪಲ್ಲಿ ಉಳಿಯೋ ಹೊಡೆದಾಟ ಅಂದ್ರೆ ಕ್ಲೌಸ್ ಅನ್ನೋ ಒಬ್ಬ ಚಾಡಿಕೋರನ್ನ ಕೆರೆ ದಂಡೇಲಿ ಗುಂಡು ಹೊಡೆಯೋದು, ಇನ್ನೊಬ್ಬ ಆಫೀಸರ್ ತಲೆಗೆ ಬಾಟ್ಲಿಲಿ ಕೊಡೋದು, ಇಷ್ಟೇ. ಉಳಿದಿದ್ದೆಲ್ಲ ಕಾರಿಡಾರು, ಫೈಲು, ಸಿಗರೇಟು, ಆಮೇಲೆ ಯೆಫಿಮ್ ಕೋಪೆಲ್ಯಾನ್ ಅವರ ಹಿನ್ನೆಲೆ ದನಿ. ತಿಖೊನೊವ್ ಸುಮ್ನೆ ಕಿಟಕಿ ಕಡೆ ನೋಡ್ತಿರ್ತಾರೆ, ತಲೆ ಒಳಗೆ ಏನ್ ಓಡ್ತಿದೆ ಅಂತ ಆ ದನಿ ಹೇಳತ್ತೆ. ಮೂರನೇ ಎಪಿಸೋಡ್ ತನಕ ತಡ್ಕೊಳ್ಳಿ, ಆಗ್ಲೂ ಹಿಡಿಸ್ಲಿಲ್ಲ ಅಂದ್ರೆ ಬಿಡಿ, ಬಲವಂತ ಇಲ್ಲ.

ಅವ್ನ ಹೆಸ್ರು ಏನು ಸರಿಯಾಗಿ ಹೇಳಿ, ಒಂದೊಂದ್ಕಡೆ ಒಂದೊಂದು ಇದೆ

ಬರ್ಲಿನ್‌ನಲ್ಲಿ ಅವನು ಮ್ಯಾಕ್ಸ್ ಒಟ್ಟೊ ಫಾನ್ ಷ್ಟಿರ್ಲಿಟ್ಸ್, ಹಿಟ್ಲರ್ ಪಕ್ಷದ ಸಶಸ್ತ್ರ ದಳ ಆದ ಎಸ್‌ಎಸ್‌ನಲ್ಲಿ ಷ್ಟಂಡಾರ್ಟನ್‌ಫ್ಯೂರರ್, ಅಂದ್ರೆ ಕರ್ನಲ್ ಮಟ್ಟ. ಮಾಸ್ಕೋಗೆ ಅವನು ಕರ್ನಲ್ ಮ್ಯಾಕ್ಸಿಮ್ ಮ್ಯಾಕ್ಸಿಮೊವಿಚ್ ಇಸಾಯೆವ್. ಅದೂ ಹುಟ್ಟಿದ ಹೆಸ್ರಲ್ಲ, ಸೆಮ್ಯೋನೊವ್ ಅವರ ಕಾದಂಬರಿಗಳ ಪ್ರಕಾರ ಅಪ್ಪ ಅಮ್ಮ ಇಟ್ಟಿದ್ದು ವ್ಸೆವೊಲೊದ್ ವ್ಲಾದಿಮಿರೊವ್. ರೇಡಿಯೋದಲ್ಲಿ ಮಾತ್ರ "ಯುಸ್ಟಾಸ್", ಆ ಕಡೆ ಇರೋರು "ಅಲೆಕ್ಸ್". ನಾಲ್ಕು ಹೆಸ್ರು ಆಯ್ತು, ಸಾಕಲ್ವಾ.

ಕಪ್ಪುಬಿಳುಪು ನೋಡ್ಲಾ, ಕಲರ್ ನೋಡ್ಲಾ?

ಕಪ್ಪುಬಿಳುಪು. ಯುದ್ಧದ ನಿಜವಾದ ಫಿಲ್ಮ್ ತುಣುಕುಗಳನ್ನ ನಡುನಡುವೆ ಸೇರ್ಸಿದಾರೆ, ಕಪ್ಪುಬಿಳುಪಲ್ಲಿ ಎಲ್ಲಿ ಸಿನಿಮಾ ಮುಗೀತು ಎಲ್ಲಿ ಇತಿಹಾಸ ಶುರುವಾಯ್ತು ಅಂತ ಗೊತ್ತೇ ಆಗಲ್ಲ. 2009ರಲ್ಲಿ ಬಣ್ಣ ಹಾಕಿ ಬಿಟ್ರು, ನಂಗಂತೂ ಅದು ಅಜ್ಜನ ಹಳೇ ಫೋಟೋಗೆ ತುಟಿಗೆ ಕೆಂಪು ಬಳಿದಂಗೆ ಕಾಣ್ಸತ್ತೆ.

## ಮಿಷನ್ ಒಳಗೆ

ಒಂದೇ ಮಾತಲ್ಲಿ ಹೇಳಿ, ಮಾಸ್ಕೋ ಅವನಿಗೆ ಕೊಟ್ಟ ಕೆಲಸ ಏನು?

ಹಿಟ್ಲರ್ ಸುತ್ತ ಇರೋ ದೊಡ್ಡ ತಲೆಗಳಲ್ಲಿ ಯಾರು ರಷ್ಯಾಗೆ ಗೊತ್ತಾಗ್ದಂಗೆ ಅಮೆರಿಕ, ಬ್ರಿಟನ್ ಜೊತೆ ಸಂಧಿ ಮಾತಾಡ್ತಿದಾರೆ ಅಂತ ಪತ್ತೆ ಮಾಡೋದು, ಸಾಧ್ಯ ಆದ್ರೆ ಅದನ್ನ ಕೆಡ್ಸೋದು.

ಕಾಲ 1945ರ ಫೆಬ್ರವರಿ, ಮಾರ್ಚ್. ಜರ್ಮನಿ ಸೋಲೋದು ಎಲ್ಲರಿಗೂ ಗೊತ್ತು, ಆದ್ರೆ ಯಾರಿಗೆ ಶರಣಾಗೋದು ಅನ್ನೋದು ಬಾಕಿ. ಪಶ್ಚಿಮದ ಕಡೆ ಒಪ್ಪಂದ ಆಗ್ಬಿಟ್ರೆ ಅಲ್ಲಿರೋ ಸೈನ್ಯ ಪೂರ್ತಿ ಪೂರ್ವಕ್ಕೆ ಬರತ್ತೆ, ರಷ್ಯನ್ನರ ಹೆಣ ಇನ್ನೂ ಲಕ್ಷಗಟ್ಲೆ ಬೀಳತ್ತೆ ಅನ್ನೋ ಹೆದರಿಕೆ. ಆರ್ಡರ್ ಬಂದ ಮೇಲೆ ಷ್ಟಿರ್ಲಿಟ್ಸ್ ಕೂತ್ಕೊಂಡು ನಾಲ್ಕು ಕಾರ್ಟೂನ್ ಬರೀತಾನೆ: ವಾಯುಸೇನೆಯ ಗೋರಿಂಗ್, ಪ್ರಚಾರದ ಗೋಬೆಲ್ಸ್, ಎಸ್‌ಎಸ್‌ನ ಹಿಮ್ಲರ್, ಹಿಟ್ಲರ್ ಕಾರ್ಯದರ್ಶಿ ಬೋರ್ಮನ್. ಒಬ್ಬೊಬ್ಬರದ್ದೂ ಜಾತಕ ನೋಡ್ದಂಗೆ ತೂಗಿ ನೋಡ್ತಾನೆ, ಯಾರಿಗೆ ಅಂತಾ ಧೈರ್ಯ ಇದೆ, ಯಾರಿಗೆ ಆ ದಾರಿ ಇದೆ. ಉಳಿಯೋನು ಹಿಮ್ಲರ್.

ಹಂಗಾದ್ರೆ ಬೇಗನೇ ಗೊತ್ತಾಯ್ತಲ್ಲ, ಉಳಿದ ಎಪಿಸೋಡಲ್ಲಿ ಏನ್ ಮಾಡ್ತಾನೆ?

ಪೋಸ್ಟ್ ಹಾಕೋಕೆ ಒದ್ದಾಡ್ತಾನೆ! ತಮಾಷೆ ಅಲ್ಲ. ಈ ಸೀರಿಯಲ್‌ನ ಜನ ಪತ್ತೇದಾರಿ ಕತೆ ಅನ್ಕೊಂಡು ನೋಡ್ತಾರೆ, ನನ್ನ ಪ್ರಕಾರ ಇದು ಅಂಚೆ ಕತೆ. ಗುಟ್ಟು ಕದಿಯೋದು ಅರ್ಧ ಕೆಲಸನೂ ಅಲ್ಲ, ಅದನ್ನ ತಲುಪ್ಸೋದೇ ಇಡೀ ಕೆಲಸ. ಅವನಿಗೆ ಮಾಸ್ಕೋದಿಂದ ಮೆಸೇಜ್ ಬರೋದು ಸುಲಭ, ಮಾಮೂಲಿ ರೇಡಿಯೋ ಹಚ್ಚಿದ್ರೆ ಒಂದು ದನಿ ಅಂಕಿ ಓದತ್ತೆ, ಇವನು ಬರ್ಕೊಂಡು ಬಿಡಿಸ್ತಾನೆ, ರೇಡಿಯೋ ಕೇಳೋನನ್ನ ಯಾರೂ ಹಿಡಿಯಕ್ಕಾಗಲ್ಲ. ಆದ್ರೆ ವಾಪಸ್ ಕಳ್ಸೋಕೆ ಟ್ರಾನ್ಸ್‌ಮಿಟರ್ ಬೇಕು, ಆನ್ ಮಾಡಿದ್ರೆ ಗೆಸ್ಟಾಪೋ ಅನ್ನೋ ನಾಜಿ ಗುಪ್ತ ಪೊಲೀಸರ ವ್ಯಾನುಗಳು ಎಲ್ಲಿಂದ ಬರ್ತಿದೆ ಅಂತ ಹುಡುಕ್ಕೊಂಡು ಓಡಾಡ್ತಿರ್ತವೆ. ಅದನ್ನ ನಡೆಸ್ತಿದ್ದೋರು ಎರ್ವಿನ್ ಮತ್ತೆ ಕೇಟ್ ಅನ್ನೋ ಗಂಡ ಹೆಂಡ್ತಿ. ಬಾಂಬ್ ಬಿದ್ದು ಮನೆ ಕುಸಿದು ಎರ್ವಿನ್ ಸತ್ತ, ತುಂಬು ಗರ್ಭಿಣಿ ಕೇಟ್ ಆಸ್ಪತ್ರೆ ಸೇರಿದ್ಲು. ಅಲ್ಲಿಂದ ಇವನ ಹತ್ರ ಇಡೀ ಯುದ್ಧದ ದೊಡ್ಡ ಸುದ್ದಿ ಇದೆ, ಹೇಳೋಕೆ ಬಾಯಿಲ್ಲ.

ಕೇಟ್ ಹೆಂಗೆ ಸಿಕ್ಕಿಬಿದ್ಲು?

ಹೆರಿಗೆ ನೋವಲ್ಲಿ ರಷ್ಯನ್‌ನಲ್ಲಿ ಕೂಗಿದ್ಲು. ವರ್ಷಗಟ್ಲೆ ಜರ್ಮನ್ ಹೆಂಗಸಾಗಿ ಬದುಕಿ, ಕನಸಲ್ಲೂ ಜರ್ಮನ್ ಮಾತಾಡೋ ಅಷ್ಟು ತಯಾರಾಗಿ, ಆ ಒಂದು ಗಳಿಗೇಲಿ ಅಮ್ಮನ ಭಾಷೆ ಬಾಯಿಗೆ ಬಂತು. ನಮ್ಮತ್ತೆ ನಂಜೊತೆ ಕೂತು ಈ ಎಪಿಸೋಡ್ ನೋಡಿದ್ರು, ಭಾಷೆ ಒಂದಕ್ಷರ ಬರಲ್ಲ, ಆದ್ರೂ "ಅಯ್ಯೋ ಪಾಪ, ಆ ಹೊತ್ತಲ್ಲಿ ಇನ್ಯಾವ ಭಾಷೆ ಬರತ್ತೆ" ಅಂದ್ರು. ಗೆಸ್ಟಾಪೋಗೆ ಸುದ್ದಿ ಹೋಯ್ತು. ಷ್ಟಿರ್ಲಿಟ್ಸ್ ಅವಳನ್ನ ಉಳಿಸ್ಕೊಳ್ಳೋಕೆ ತಾನೇ ಅಧಿಕಾರಿ ಆಗಿ ಹೋಗಿ ವಶಕ್ಕೆ ತಗೊಂಡ, ಇವಳ ಕೈಲೇ ಮಾಸ್ಕೋಗೆ ಸುಳ್ಳು ಮೆಸೇಜ್ ಕಳ್ಸಿ ಆಟ ಆಡಿಸ್ಬೋದು ಅಂತ ಮೇಲಿನೋರಿಗೆ ಪುಸಲಾಯಿಸಿ.

ಸೂಟ್‌ಕೇಸ್ ಮೇಲಿನ ಬೆರಳಚ್ಚಿನ ವಿಷಯ ಎರಡ್ಸಲ ನೋಡಿದ್ರೂ ತಲೆಗೆ ಹೋಗ್ಲಿಲ್ಲ, ಬಿಡಿಸಿ ಹೇಳ್ತೀರಾ?

ಕುಸಿದ ಮನೆ ಅವಶೇಷದಲ್ಲಿ ಕೇಟ್ ದಂಪತಿಯ ಟ್ರಾನ್ಸ್‌ಮಿಟರ್ ಇದ್ದ ಸೂಟ್‌ಕೇಸ್ ಸಿಗತ್ತೆ, ಅದರ ಮೇಲೆ ಷ್ಟಿರ್ಲಿಟ್ಸ್ ಬೆರಳು. ಇನ್ನೊಂದು ಕಡೆ ಬೋರ್ಮನ್ ಜೊತೆ ನೇರ ಮಾತಾಡೋ ಫೋನ್ ಮೇಲೂ ಅದೇ ಬೆರಳು. ಗೆಸ್ಟಾಪೋ ಮುಖ್ಯಸ್ಥ ಮ್ಯುಲ್ಲರ್ ಇವನನ್ನ ತಂದು ನೆಲಮಾಳಿಗೆಲಿ ಕೂಡಿಹಾಕ್ತಾನೆ, ಹೊಡಿಯಲ್ಲ, ಬಡಿಯಲ್ಲ, ಸೂಟ್‌ಕೇಸ್ ಮೇಲೆ ನಿನ್ನ ಬೆರಳು ಹೆಂಗೆ ಬಂತು ನೆನಪು ಮಾಡ್ಕೋ ಅಂತ ಹೇಳಿ ಹೋಗ್ಬಿಡ್ತಾನೆ.

ಇಲ್ಲಿಂದ ಆ ಕಾಲದ ಟೀವಿಲೇ ನಂಗೆ ಅತೀ ಇಷ್ಟವಾದ ಭಾಗ. ಬೆಂಕಿಕಡ್ಡಿಗಳನ್ನ ಮೇಜಿನ ಮೇಲೆ ಜೋಡಿಸ್ತಾ ಕೂತಿರ್ತಾನೆ, ಒಂದು ಎತ್ತಿ ಇನ್ನೊಂದು ಇಟ್ಟು. ಹೊರಗಡೆ ಅವನ ಸಾವಿಗೆ ಗಂಟೆ ಎಣಿಸ್ತಿದಾರೆ, ಇವನು ಕಡ್ಡಿ. ಕೊನೆಗೆ ಹುಟ್ಟೋ ಸುಳ್ಳು ಎಷ್ಟು ಸಾದಾ ನೋಡಿ: ಬಾಂಬ್ ದಾಳಿ ಆದ ದಿನ ರಸ್ತೇಲಿ ಮಗು ಗಾಡಿ ತಳ್ಕೊಂಡು ಒಬ್ಬ ಹೆಂಗಸು ಪರದಾಡ್ತಿದ್ಲು, ಅವಳ ಸೂಟ್‌ಕೇಸ್‌ಗಳನ್ನ ನಾನು ಎತ್ಕೊಟ್ಟೆ, ಅಲ್ಲಿ ಕಾವಲಿದ್ದ ಪೊಲೀಸನ್ನ ಕೇಳಿ. ಅವನು ಆ ದಿನ ಅಲ್ಲಿದ್ದಿದ್ದು ನಿಜ, ಪೊಲೀಸ್ ನೋಡಿದ್ದು ನಿಜ. ಸುಳ್ಳು ಇರೋದು ಒಂದು ಬೊಗಸೆ, ಸುತ್ತ ಕೊಡಗಟ್ಲೆ ನಿಜ. ಮ್ಯುಲ್ಲರ್‌ಗೆ ನಂಬಕ್ಕೂ ಆಗಲ್ಲ, ತಳ್ಳಿಹಾಕಕ್ಕೂ ಆಗಲ್ಲ. ಇನ್ನೊಂದು ವಿಷಯ, ಸೋಲ್ತಿರೋ ಸರ್ಕಾರದಲ್ಲಿ ಇರೋ ಮ್ಯುಲ್ಲರ್‌ಗೂ ನಾಳೆಗೆ ಯಾರೋ ಒಬ್ಬ ಬೇಕಲ್ಲ, ಆ ಲೆಕ್ಕಾಚಾರನೂ ಮುಖದಲ್ಲಿ ಕಾಣ್ಸತ್ತೆ.

ಇವನು ಒಳಗಿರೋ ಹೊತ್ತಲ್ಲೇ ರೋಲ್ಫ್ ಅನ್ನೋನು ಕೇಟ್ ಬಾಯಿ ಬಿಡಿಸೋಕೆ ಅವಳ ಹಸುಗೂಸನ್ನ ಚಳಿಗೆ ತೆರೆದ ಕಿಟಕಿ ಹತ್ರ ಇಡಿಸ್ತಾನೆ. ತಡೆಯಲಾರದೆ ಗುಂಡು ಹಾರಿಸೋನು ಕಾವಲಿಗಿದ್ದ ಹೆಲ್ಮುಟ್, ಯುದ್ಧದಲ್ಲಿ ಗಾಯಗೊಂಡು ಬಂದ ಸಾಮಾನ್ಯ ಜರ್ಮನ್ ಸೈನಿಕ. ಆ ಸೀನ್ ನಾನು ಮತ್ತೆ ನೋಡಲ್ಲ, ಫಾರ್ವರ್ಡ್ ಮಾಡ್ತೀನಿ.

ಪ್ರೊಫೆಸರ್ ಪ್ಲೈಷ್ನರ್ ಅಷ್ಟು ದಡ್ಡನಾ? ಕಿಟಕೀಲಿ ಹೂವಿನ ಕುಂಡ ಕಾಣಲ್ವಾ?

ದಡ್ಡ ಅಲ್ಲ, ಖುಷಿಲಿದ್ದ. ರೇಡಿಯೋ ದಾರಿ ಮುಚ್ಚಿದ ಮೇಲೆ ಷ್ಟಿರ್ಲಿಟ್ಸ್ ಈ ವಯಸ್ಸಾದ ಪ್ರೊಫೆಸರ್ ಕೈಲಿ ಸುದ್ದಿ ಕೊಟ್ಟು ಸ್ವಿಟ್ಜರ್ಲೆಂಡಿನ ಬರ್ನ್‌ಗೆ ಕಳ್ಸ್ತಾನೆ. ಹೂವಿನ ಬೀದಿ ಅನ್ನೋ ಹೆಸರಿನ ಬೀದಿಲಿ ಒಂದು ಮನೆ, ಕಿಟಕೀಲಿ ಹೂವು ಇದ್ರೆ ಅಪಾಯ, ಒಳಗೆ ಹೋಗಬಾರ್ದು. ಅದು ಅವನಿಗೆ ಗೊತ್ತು. ಆದ್ರೆ ನಾಜಿಗಳ ಸೆರೆ ಕ್ಯಾಂಪು, ಹೆದರಿಕೆ, ಕತ್ತಲು ಎಲ್ಲ ದಾಟಿ ಬಂದ ಮನುಷ್ಯ ಮೊದಲ್ನೇ ಸಲ ಬಿಸಿಲು, ತುಂಬಿದ ಅಂಗಡಿ, ನಗ್ತಿರೋ ಜನ ನೋಡ್ತಿದಾನೆ. ಕರಡಿ ಮರಿಗಳನ್ನ ನೋಡ್ತಾ ನಿಂತ್ಕೋತಾನೆ. ಸ್ವಾತಂತ್ರ್ಯ ತಲೆಗೇರಿತ್ತು. ಎರಡನೇ ಸಲ ಹೋದಾಗ ಹೂವು ಕಂಡು ಅರ್ಥ ಆಗತ್ತೆ, ಅಷ್ಟ್ರಲ್ಲಿ ಹೊತ್ತು ಮೀರಿರತ್ತೆ. ವಿಷ ಕಚ್ಚಿ ಕಿಟಕಿಯಿಂದ ಬೀಳ್ತಾನೆ. ಯೆವ್ಗೆನಿ ಯೆವ್ಸ್ತಿಗ್ನೆಯೆವ್ ಈ ಪಾತ್ರ ಮಾಡಿದ ರೀತಿ ನೋಡಿದ್ರೆ ಬೈಯೋಕೆ ಮನಸು ಬರಲ್ಲ.

ಅಂದ್ಹಾಗೆ ಆ ಬೀದಿ ಬರ್ನ್‌ನಲ್ಲಿಲ್ಲ. ಶೂಟಿಂಗ್ ಆಗಿದ್ದು ಲಾತ್ವಿಯಾದ ರೀಗಾದಲ್ಲಿ, ಹಳೇ ಊರಿನ ಯೌನಿಯೆಲಾ ಬೀದಿಲಿ. ಅಲ್ಲಿಗೆ ಹೋದೋರು ಆ ಕಿಟಕಿ ಹುಡುಕಿ ಫೋಟೋ ತೆಗ್ಸ್ಕೊಂಡು ಬರ್ತಾರೆ.

ಪಾದ್ರಿ ಷ್ಲಾಗ್ ಯಾಕೆ ಬೇಕಿತ್ತು?

ನಾಜಿಗಳನ್ನ ದ್ವೇಷಿಸೋ ಪಾದ್ರಿ, ಅವನನ್ನ ಷ್ಟಿರ್ಲಿಟ್ಸ್ ಜೈಲಿಂದ ಬಿಡಿಸಿ ಸ್ವಿಟ್ಜರ್ಲೆಂಡಿಗೆ ದಾಟಿಸ್ತಾನೆ. ಇಲ್ಲಿ ಡಬಲ್ ಆಟ ಇದೆ. ಇವನ ಬಾಸ್ ಷೆಲೆನ್‌ಬರ್ಗ್‌ಗೆ ಇದು ನಮ್ಮದೇ ಸಂಧಿ ಮಾತಿಗೆ ಒಳ್ಳೇ ಮುಖವಾಡ ಅಂತ ಅನ್ಸೋ ತರ ಮಾಡಿರ್ತಾನೆ, ಹಾಗಾಗಿ ನಾಜಿ ಖರ್ಚಲ್ಲೇ ಮಾಸ್ಕೋದ ಕೆಲಸ. ಪಾದ್ರಿಗೆ ಸ್ಕೀ ಮಾಡಕ್ಕೇ ಬರಲ್ಲ, ಹಿಮದಲ್ಲಿ ಮುಗ್ಗರಿಸ್ತಾ ಗಡಿ ದಾಟೋದನ್ನ ನೋಡಿ ನಗೂನೂ ಬರತ್ತೆ, ಹೊಟ್ಟೇಲಿ ಸಂಕಟನೂ ಆಗತ್ತೆ.

ಹೆಂಡ್ತಿನ ಕೆಫೆಲಿ ನೋಡೋ ಸೀನಲ್ಲಿ ಮಾತೇ ಬರ್ತಿಲ್ಲ, ನನ್ನ ಫೈಲ್ ಹಾಳಾಗಿದ್ಯಾ?

ಇಲ್ಲ ಇಲ್ಲ, ಹಂಗೇ ಇರೋದು. ಮಾಸ್ಕೋದೋರು ಅವನ ಹೆಂಡ್ತಿನ "ಎಲೆಫಂಟ್" ಅನ್ನೋ ಕೆಫೆಗೆ ಕರ್ಕೊಂಡು ಬಂದು ದೂರದ ಟೇಬಲಲ್ಲಿ ಕೂರಿಸಿರ್ತಾರೆ, ಕೆಲವು ನಿಮಿಷ, ಮಾತಿಲ್ಲ, ಹತ್ರ ಬರೋ ಹಂಗಿಲ್ಲ, ಬರೀ ನೋಟ. ಮಿಕಾಯೆಲ್ ತರಿವೆರ್ದಿಯೆವ್ ಅವರ ಪಿಯಾನೋ ಮಾತ್ರ. ಹೆಂಡ್ತಿ ಪಾತ್ರ ಎಲಿಯೊನೊರಾ ಷಷ್ಕೊವಾ. ಇದರ ಜೊತೆಗೆ ಫೆಬ್ರವರಿ 23ರ ಸೀನೂ ನೋಡಿ. ಅವತ್ತು ಕೆಂಪು ಸೈನ್ಯದ ದಿನ, ಮನೇಲಿ ಒಬ್ಬನೇ ಒಲೆ ಕೆಂಡದಲ್ಲಿ ಆಲೂಗಡ್ಡೆ ಸುಟ್ಕೊಂಡು ತಿಂದು ಹಬ್ಬ ಮಾಡ್ತಾನೆ. ದುಬೈಲೋ ಡೆಟ್ರಾಯಿಟಲ್ಲೋ ಒಬ್ರೇ ಕೂತು ಯುಗಾದಿಗೆ ಬೇವುಬೆಲ್ಲ ಮಾಡ್ಕೊಂಡೋರಿಗೆ ಇದು ಬೇಗ ತಟ್ಟತ್ತೆ.

## ನಿಜ ಎಷ್ಟು, ಕತೆ ಎಷ್ಟು

ಇಂತಾ ಗುಟ್ಟು ಮಾತುಕತೆ ನಿಜವಾಗ್ಲೂ ನಡೆದಿತ್ತಾ?

ನಡೆದಿತ್ತು. ಅಮೆರಿಕದ ಗುಪ್ತಚರ ಸಂಸ್ಥೆ ಓಎಸ್‌ಎಸ್‌ನ ಅಲೆನ್ ಡಲೆಸ್ ಬರ್ನ್‌ನಲ್ಲಿದ್ರು, ಇಟಲಿಲಿದ್ದ ಎಸ್‌ಎಸ್ ಜನರಲ್ ಕಾರ್ಲ್ ವೋಲ್ಫ್ 1945ರ ಮಾರ್ಚ್ 8ಕ್ಕೆ ಜ್ಯೂರಿಕ್‌ನಲ್ಲಿ ಅವರನ್ನ ಭೇಟಿ ಮಾಡಿದ. ಇದಕ್ಕೆ ಆಪರೇಷನ್ ಸನ್‌ರೈಸ್ ಅಂತ ಹೆಸ್ರು. ಮಾತುಕತೆ ಇದ್ದದ್ದು ಇಟಲಿಲಿರೋ ಜರ್ಮನ್ ಸೈನ್ಯದ ಶರಣಾಗತಿ ಬಗ್ಗೆ.

ಸೀರಿಯಲ್ ಹೇಳ್ದೇ ಇರೋ ಒಂದು ವಿಷಯ ಇದೆ. ಮಾರ್ಚ್ 12ಕ್ಕೆ ಮಿತ್ರರಾಷ್ಟ್ರಗಳೇ ಮಾಸ್ಕೋಗೆ ಈ ವಿಷಯ ತಿಳಿಸಿದ್ರು, ಆದ್ರೆ ಸ್ವಿಟ್ಜರ್ಲೆಂಡಿನ ಮಾತುಕತೆಗೆ ಸೋವಿಯತ್ ಅಧಿಕಾರಿಗಳನ್ನ ಸೇರಿಸ್ಕೊಳ್ಳಲಿಲ್ಲ. ಸೋವಿಯತ್ ವಿದೇಶಾಂಗ ಸಚಿವ ಮೊಲೊತೊವ್ ಸಿಟ್ಟಾದ್ರು, ಸ್ಟಾಲಿನ್ ಮತ್ತೆ ಅಮೆರಿಕ ಅಧ್ಯಕ್ಷ ರೂಸ್‌ವೆಲ್ಟ್ ಮಧ್ಯೆ ಏಪ್ರಿಲ್ ಮೊದಲ ವಾರ ಖಾರವಾದ ಪತ್ರಗಳು ಹೋಗಿ ಬಂದ್ವು. ಏಪ್ರಿಲ್ 12ಕ್ಕೆ ರೂಸ್‌ವೆಲ್ಟ್ ತೀರ್ಕೊಂಡ್ರು. ಇಟಲಿಯ ಜರ್ಮನ್ನರು ಕಡೆಗೆ ಏಪ್ರಿಲ್ 29ಕ್ಕೆ ಕಸೆರ್ತಾದಲ್ಲಿ ಸಹಿ ಹಾಕಿದ್ರು, ಮೇ 2ಕ್ಕೆ ಜಾರಿ ಆಯ್ತು. ಯುದ್ಧ ಮುಗಿಯೋಕೆ ಇನ್ನು ಒಂದು ವಾರನೂ ಇರ್ಲಿಲ್ಲ.

ಷ್ಟಿರ್ಲಿಟ್ಸ್ ಅನ್ನೋನು ಇದ್ನಾ ಇಲ್ವಾ?

ಇರ್ಲಿಲ್ಲ. ರಷ್ಯಾದಲ್ಲಿ ಹುಟ್ಟಿ ಎಸ್‌ಎಸ್‌ನಲ್ಲಿ ಅಷ್ಟು ಮೇಲೆ ಹೋದೋನು ಅಂತ ಯಾರೂ ಇಲ್ಲ. ಎಸ್‌ಎಸ್‌ನಲ್ಲಿ ತಾತ ಮುತ್ತಾತರ ವಂಶಾವಳಿ ಕೇಳ್ತಿದ್ರು, ಅದನ್ನ ದಾಟೋದು ಸುಮ್ನೆ ಮಾತಲ್ಲ. ಹತ್ರ ಬರೋ ಹೆಸ್ರು ವಿಲ್ಲಿ ಲೇಮನ್, ಗೆಸ್ಟಾಪೋ ಅಧಿಕಾರಿ, ಆದ್ರೆ ಹುಟ್ಟಾ ಜರ್ಮನ್. 1929ರಿಂದ ಸೋವಿಯತ್‌ಗೆ ಸುದ್ದಿ ಕೊಡ್ತಿದ್ದ, ಗುಪ್ತನಾಮ ಬ್ರೈಟೆನ್‌ಬಾಖ್, 1942ರ ಡಿಸೆಂಬರಲ್ಲಿ ಹಿಡಿದು ಕೊಂದ್ರು.

ರೇಡಿಯೋ ವಿಷಯ ಸಿನಿಮಾಗೋಸ್ಕರ ದೊಡ್ಡದು ಮಾಡಿದಾರಲ್ವಾ?

ಇದು ಕೇಳಿದ್ದು ಒಳ್ಳೇದಾಯ್ತು, ನನ್ನ ಅಂಚೆ ಥಿಯರಿಗೆ ಸಾಕ್ಷಿ ಇಲ್ಲೇ ಇದೆ. ಈಗ ಹೇಳಿದ ಲೇಮನ್ ತಗೊಳ್ಳಿ, 1941ರ ಜೂನಲ್ಲಿ ಯುದ್ಧ ಶುರುವಾಗಿ ಸೋವಿಯತ್ ರಾಯಭಾರ ಕಚೇರಿ ಮುಚ್ಚಿದ ತಕ್ಷಣ ಅವನ ಸಂಪರ್ಕ ತುಂಡಾಯ್ತು. ಮತ್ತೆ ಸಂಪರ್ಕ ಮಾಡೋಕೆ 1942ರಲ್ಲಿ ಪ್ಯಾರಾಶೂಟಲ್ಲಿ ಕಳ್ಸಿದ ಏಜೆಂಟ್ ಸಿಕ್ಕಿಬಿದ್ದಿದ್ದರಿಂದಲೇ ಅವನೂ ಹೋದ. "ರೆಡ್ ಆರ್ಕೆಸ್ಟ್ರಾ" ಅಂತ ಹೆಸರಾದ ಬರ್ಲಿನ್ ಗುಂಪಿಂದೂ ಅದೇ ಗೋಳು. ವಾಯುಸೇನೆ ಸಚಿವಾಲಯದಲ್ಲಿದ್ದ ಹ್ಯಾರೊ ಷುಲ್ಸೆ-ಬಾಯ್ಸನ್, ಆರ್ಥಿಕ ವ್ಯವಹಾರಗಳ ಸಚಿವಾಲಯದಲ್ಲಿದ್ದ ಆರ್ವಿಡ್ ಹಾರ್ನಾಕ್, ಇವರ ಹತ್ರ ಸುದ್ದಿ ರಾಶಿ ಇತ್ತು, ಕಳ್ಸೋ ಟ್ರಾನ್ಸ್‌ಮಿಟರ್ ಸರಿಯಾಗಿ ಕೆಲಸ ಮಾಡ್ಲಿಲ್ಲ. ಅದನ್ನ ಸರಿ ಮಾಡ್ಸೋಕೆ ಮಾಸ್ಕೋ ಇನ್ನೊಬ್ಬ ಏಜೆಂಟ್‌ಗೆ 1941ರಲ್ಲಿ ಮೆಸೇಜ್ ಕಳಿಸ್ತು, ಅದರೊಳಗೆ ಬರ್ಲಿನ್‌ನೋರ ವಿಳಾಸನೇ ಹಾಕಿಬಿಟ್ಟಿತ್ತು! ಜರ್ಮನ್ನರು 1942ರಲ್ಲಿ ಆ ಗುಪ್ತಲಿಪಿ ಬಿಡಿಸಿದ್ರು, ಡಿಸೆಂಬರಲ್ಲಿ ಇಬ್ಬರಿಗೂ ಗಲ್ಲು. ಹಾಗಾಗಿ ಕೇಟ್ ಸೂಟ್‌ಕೇಸ್ ನೋಡ್ದಾಗ ಅತಿ ಮಾಡಿದಾರೆ ಅಂತ ನಂಗೆ ಅನ್ಸಲ್ಲ.

ತಪ್ಪುಗಳಿದ್ಯಾ ಇದ್ರಲ್ಲಿ?

ಬೇಕಾದಷ್ಟು. ಎಲ್ಲರೂ ಕಪ್ಪು ಎಸ್‌ಎಸ್ ಯೂನಿಫಾರಂ ಹಾಕಿದಾರೆ, 1945ರ ಹೊತ್ತಿಗೆ ಬೂದು ಬಣ್ಣ ಬಂದಾಗಿತ್ತು. ಕಾರ್ ರೇಡಿಯೋದಲ್ಲಿ ಎಡಿತ್ ಪಿಯಾಫ್ ಅವರ ಹಾಡು ಬರತ್ತೆ, ಅದು ಯುದ್ಧ ಮುಗಿದು ಎಷ್ಟೋ ವರ್ಷ ಆದ್ಮೇಲಿಂದು. ಲಿಯೊನಿದ್ ಬ್ರೊನೆವೊಯ್ ಮಾಡಿದ ಮ್ಯುಲ್ಲರ್ ದುಂಡಗೆ, ನಗ್ತಾ, ಸೋದರಮಾವನ ತರ ಇದಾನೆ, ನಿಜವಾದ ಹೈನ್ರಿಕ್ ಮ್ಯುಲ್ಲರ್ ತೆಳ್ಳಗಿನ ಬಿಗಿ ಮುಖದೋನು.

ನಾಜಿಗಳನ್ನ ಇಷ್ಟು ಬುದ್ಧಿವಂತರು, ಮಾತುಗಾರರು ಅಂತ ತೋರ್ಸಿದ್ದು ಸರಿನಾ?

ನಂಗೆ ಸರಿ ಅನ್ಸತ್ತೆ, ನನ್ನ ಗೆಳೆಯ ಒಬ್ಬ ಒಪ್ಪಲ್ಲ, ವರ್ಷಗಳಿಂದ ಜಗಳ ನಡೀತಿದೆ. ಮೊದಲು ಬರ್ತಿದ್ದ ಸೋವಿಯತ್ ಸಿನಿಮಾಗಳಲ್ಲಿ ಜರ್ಮನ್ ಆಫೀಸರ್ ಅಂದ್ರೆ ಎಷ್ಟೋ ಸಲ ಕಿರುಚೋ ಪೆದ್ದ. ಪೆದ್ದರ ಮಧ್ಯೆ ಗೂಢಚಾರ ಬದುಕೋದ್ರಲ್ಲಿ ಏನ್ ಹೆಚ್ಚುಗಾರಿಕೆ? ಮ್ಯುಲ್ಲರ್, ಒಲೆಗ್ ತಬಕೋವ್ ಮಾಡಿದ ಷೆಲೆನ್‌ಬರ್ಗ್ ಇಬ್ಬರೂ ಜಾಣರು, ಆದ್ದರಿಂದಲೇ ಪ್ರತಿ ಮಾತಿಗೂ ಉಸಿರು ಬಿಗಿ ಹಿಡೀಬೇಕಾಗತ್ತೆ. ಗೆಳೆಯನ ವಾದ ಏನಂದ್ರೆ ಜನ ಮ್ಯುಲ್ಲರ್‌ನ ಪ್ರೀತ್ಸೋಕೆ ಶುರು ಮಾಡಿದ್ರು ಅಂತ. ಅದೂ ಸುಳ್ಳಲ್ಲ. ಮೀಟಿಂಗ್ ಮುಗಿದ ಮೇಲೆ ಮ್ಯುಲ್ಲರ್ "ಷ್ಟಿರ್ಲಿಟ್ಸ್, ನೀವು ಸ್ವಲ್ಪ ಇರಿ" ಅನ್ನೋದು ರಷ್ಯಾದ ಆಫೀಸುಗಳಲ್ಲಿ ಈಗ್ಲೂ ಗಾದೆ ತರ ಓಡಾಡತ್ತೆ.

ಇದೆಲ್ಲ ಕೆಜಿಬಿ ಪ್ರಚಾರ ಅಲ್ವಾ ಸಾರ್?

ಹೌದು, ಅದ್ರಲ್ಲಿ ಮುಚ್ಚುಮರೆ ಇಲ್ಲ. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಆಗಿನ ಮುಖ್ಯಸ್ಥ ಯೂರಿ ಆಂದ್ರೊಪೊವ್ ಬೆಂಬಲ ಇತ್ತು, ಸಲಹೆಗಾರರ ಹೆಸ್ರಲ್ಲಿ ಬರೋ ಮಿಷಿನ್ ಅನ್ನೋರು ಅಸಲಿಗೆ ಕೆಜಿಬಿಯ ಉಪಮುಖ್ಯಸ್ಥ ಸೆಮ್ಯೋನ್ ತ್ಸ್ವಿಗುನ್. ಅಮೆರಿಕನ್ನರನ್ನ ಬೆನ್ನಿಗೆ ಚೂರಿ ಹಾಕೋರು ಅಂತ ತೋರ್ಸೋದು ಶೀತಲ ಸಮರದ ಲೆಕ್ಕ. ಸ್ಟಾಲಿನ್ ಕಾಲದಲ್ಲಿ ಸ್ವಂತ ಗೂಢಚಾರರನ್ನೇ ಕರ್ಸಿ ಗುಂಡಿಟ್ಟಿದ್ರ ಬಗ್ಗೆ ಒಂದು ಮಾತಿಲ್ಲ. ಇಷ್ಟೆಲ್ಲ ಗೊತ್ತಿಟ್ಕೊಂಡು ನೋಡಿದ್ರೂ ಕಡ್ಡಿ ಸೀನಲ್ಲಿ ನನ್ನ ಟೀ ಆರಿ ತಣ್ಣಗಾಗತ್ತೆ.

ಷ್ಟಿರ್ಲಿಟ್ಸ್ ಜೋಕ್ ಅಂತ ಇದ್ಯಂತಲ್ಲ, ಒಂದು ಹೇಳಿ

ಸಾವಿರ ಇವೆ, ಹೆಚ್ಚಿನವು ಪದಗಳ ಮೇಲಿನ ಆಟ, ಕನ್ನಡಕ್ಕೆ ತಂದ್ರೆ ಸಪ್ಪೆ. ಬರೋದು ಇದೊಂದು: ಷ್ಟಿರ್ಲಿಟ್ಸ್ ಬರ್ಲಿನ್ ಬೀದಿಲಿ ನಡ್ಕೊಂಡು ಹೋಗ್ತಿದ್ದ, ಅವನು ರಷ್ಯನ್ ಅಂತ ಏನೋ ಒಂದು ಹೇಳ್ಕೊಡ್ತಿತ್ತು, ಮುಖದ ಗತ್ತೋ, ಹಿಂದೆ ಎಳ್ಕೊಂಡು ಬರ್ತಿದ್ದ ಪ್ಯಾರಾಶೂಟೋ. ಇದನ್ನ ಆ ಹಿನ್ನೆಲೆ ದನಿಯ ಗಾಂಭೀರ್ಯದಲ್ಲೇ ಹೇಳ್ಬೇಕು.

ಆ ನಾಜಿಗಳೆಲ್ಲ ಆಮೇಲೆ ಏನಾದ್ರು?

ಮ್ಯುಲ್ಲರ್, ಷೆಲೆನ್‌ಬರ್ಗ್ ಇಬ್ಬರಿಗೂ ಮೇಲಧಿಕಾರಿ ಆಗಿದ್ದ ಕಾಲ್ಟೆನ್‌ಬ್ರುನ್ನರ್‌ಗೆ 1946ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಗಲ್ಲು. ಮ್ಯುಲ್ಲರ್ 1945ರ ಮೇ ಹೊತ್ತಿಗೆ ಬರ್ಲಿನ್‌ನಲ್ಲಿ ಮಾಯ. ಬೋರ್ಮನ್ ಮೂಳೆ 1972ರಲ್ಲಿ ಬರ್ಲಿನ್‌ನಲ್ಲೇ ಸಿಕ್ತು, 1998ರಲ್ಲಿ ಡಿಎನ್‌ಎಯಿಂದ ಖಾತ್ರಿ ಆಯ್ತು. ಷೆಲೆನ್‌ಬರ್ಗ್‌ಗೆ ಆರು ವರ್ಷ ಶಿಕ್ಷೆ ಆಗಿತ್ತು, 1952ರಲ್ಲಿ ಇಟಲಿಲಿ ಸತ್ತ. ವೋಲ್ಫ್ ನ್ಯೂರೆಂಬರ್ಗ್ ಶಿಕ್ಷೆಯಿಂದ ನುಣುಚ್ಕೊಂಡ, 1964ರಲ್ಲಿ ಪಶ್ಚಿಮ ಜರ್ಮನಿ ಕೋರ್ಟು ಯಹೂದಿಗಳನ್ನ ಟ್ರೆಬ್ಲಿಂಕಾ ಸಾವಿನ ಕ್ಯಾಂಪಿಗೆ ಸಾಗಿಸಿದ್ದಕ್ಕೆ 15 ವರ್ಷ ಕೊಡ್ತು, ಪೂರ್ತಿ ಅನುಭವಿಸ್ದೇ ಆಚೆ ಬಂದ. ಡಲೆಸ್ 1953ರಿಂದ 1961ರ ತನಕ ಸಿಐಎ ಮುಖ್ಯಸ್ಥ.

ಕೊನೆಗೆ ಸುದ್ದಿ ತಲುಪ್ತಲ್ಲ, ಮತ್ತೆ ಬರ್ಲಿನ್‌ಗೆ ಯಾಕೆ ಹೋಗ್ತಾನೆ? ಅಲ್ಲೇ ಸ್ವಿಟ್ಜರ್ಲೆಂಡಲ್ಲಿ ಇರ್ಬೋದಿತ್ತಲ್ಲ

ಇರ್ಬೋದಿತ್ತು. ಸುದ್ದಿ ಮುಟ್ಟಿಸಿದಾನೆ, ಬೋರ್ಮನ್ ಕಿವಿಗೆ ಹಿಮ್ಲರ್ ಆಟ ಹಾಕಿ ನಾಜಿಗಳನ್ನೇ ಒಬ್ರ ಮೇಲೊಬ್ರನ್ನ ಎತ್ತಿಕಟ್ಟಿದಾನೆ, ಕೇಟ್ ಮತ್ತೆ ಎರಡು ಮಕ್ಕಳನ್ನ, ಒಂದು ಅವಳದ್ದು, ಇನ್ನೊಂದು ಸತ್ತ ಹೆಲ್ಮುಟ್‌ದು, ಗಡಿ ದಾಟಿಸಿದಾನೆ. ಬರ್ನ್‌ನಲ್ಲಿ ಸಿಕ್ಕ ಮಾಸ್ಕೋದೋನು ನಿಮಗೆ ಸೋವಿಯತ್ ಒಕ್ಕೂಟದ ವೀರ ಬಿರುದು ಬಂದಿದೆ ಅಂತಾನೆ, ವಾಪಸ್ ಬರ್ಲಿನ್‌ಗೆ ಹೋಗೋದು ಬಿಡೋದು ನಿಮ್ಮಿಷ್ಟ ಅಂತಾನೂ ಹೇಳ್ತಾನೆ. ಬಲವಂತ ಮಾಡಿದ್ರೆ ಬೇಜಾರು ಮಾಡ್ಕೊಂಡು ಹೋಗ್ಬೋದಿತ್ತು, ಇಷ್ಟಕ್ಕೆ ಬಿಟ್ಟಾಗ ಹೋಗೋದು ಬೇರೆ. ಅಲ್ಲಿ ಮ್ಯುಲ್ಲರ್ ಕಾಯ್ತಿದಾನೆ ಅಂತ ಇವನಿಗೂ ಗೊತ್ತು ನಮಗೂ ಗೊತ್ತು. ಬರ್ಲಿನ್ ದಾರೀಲಿ ಕಾರ್ ನಿಲ್ಲಿಸಿ ಇಳಿದು ಮರಗಳ ಹತ್ರ ಸುಮ್ನೆ ಕೂತ್ಕೋತಾನೆ, ಆಮೇಲೆ ಎದ್ದು ಮತ್ತೆ ಗಾಡಿ ಹತ್ತಾನೆ.